ಹಳದಿ ಗೆರೆಯ ಹಿಂದೆ

ಫೇಲಾಗುವುದಕ್ಕೂ ಒಂದು ಮರ್ಯಾದೆ ಅಂತ ಇರುತ್ತದೆ. ಓದಲಿಲ್ಲ, ಫೇಲಾದ ಅಂದರೆ ಜನ ಒಪ್ಪುತ್ತಾರೆ. ಜ್ವರ ಬಂದಿತ್ತು ಅಂದರೂ ಒಪ್ಪುತ್ತಾರೆ. ಆಟಿಕೆ ಲಾರಿಯನ್ನು ಕೈಯಿಂದ ಮುಟ್ಟಿದ್ದಕ್ಕೆ ಫೇಲಾದ ಗಂಡನನ್ನು ಕಟ್ಟಿಕೊಂಡವಳು ಬೀದಿಯವರಿಗೆ ಏನಂತ ಹೇಳಿಕೊಳ್ಳಬೇಕು?

ಬೀದಿಯವರು ಅವಳನ್ನು ಬೇಕರಿ ಅಕ್ಕ ಅನ್ನುತ್ತಾರೆ. ತಿರುವಿನ ಬೇಕರಿಯಲ್ಲಿ ಬ್ರೆಡ್ಡು ಕತ್ತರಿಸಿ ಪ್ಯಾಕ್ ಮಾಡುವುದು ಅವಳ ಕೆಲಸ. ಗಂಡ ಅಗ್ನಿಶಾಮಕ ಠಾಣೆಯಲ್ಲಿ ಲೀಡಿಂಗ್ ಫೈರ್‌ಮ್ಯಾನ್. ಏಣಿ ಹಾಕಿದರೆ ಮೊದಲು ಹತ್ತುವವನು ಅವನೇ ಆದ್ದರಿಂದ ಠಾಣೆಯಲ್ಲಿ ಅವನಿಗೆ ಏಣಿ ಎಂದೇ ಹೆಸರು. ಮನೆಯಲ್ಲಿ ಇನ್ನಿಬ್ಬರು: ಕಾಲೇಜಿಗೆ ಹೋಗುವ ಮಗಳು ಪುಟ್ಟಿ, ಮತ್ತು ಏಣಿಯ ಅಪ್ಪ. ಅಪ್ಪ ಅದೇ ಠಾಣೆಯಲ್ಲಿ ಬೆಂಕಿ ಗಾಡಿಯ ಡ್ರೈವರ್ ಆಗಿದ್ದು ನಿವೃತ್ತರಾದವರು. ಬೇಕರಿ ಅಕ್ಕನಿಗೆ ಅವರು ಮಾವ.

ಆಫೀಸರ್ ಆಗಬೇಕಾದರೆ ಎರಡು ಪರೀಕ್ಷೆ. ಬರೆಯುವುದು ಒಂದು, ಅದನ್ನು ಏಣಿ ಹೋದ ವರ್ಷವೇ ಪಾಸು ಮಾಡಿದ್ದ. ಇನ್ನೊಂದು ಮೇಜಿನ ಪರೀಕ್ಷೆ. ದೊಡ್ಡ ಮೇಜಿನ ಮೇಲೆ ಮರದ ಮನೆಗಳು, ಬೀದಿ, ಹತ್ತಿಯ ಹೊಗೆ, ಪುಟ್ಟ ಪುಟ್ಟ ಬೆಂಕಿ ಗಾಡಿಗಳು. ನೆಲದ ಮೇಲೆ ಒಂದು ಹಳದಿ ಗೆರೆ. ಪರೀಕ್ಷೆಗೆ ಬಂದವನು ಗೆರೆಯ ಹಿಂದೆ ವಾಕಿಟಾಕಿ ಹಿಡಿದು ನಿಲ್ಲಬೇಕು. ಪರದೆಯ ಹಿಂದೆ ಕೂತ ಪರೀಕ್ಷಕರು ಒಮ್ಮೆ ಫೈರ್‌ಮ್ಯಾನ್ ಆಗಿ, ಒಮ್ಮೆ ಕೂಗಾಡುವ ಜನರಾಗಿ ಸುದ್ದಿ ಕೊಡುತ್ತಾ ಹೋಗುತ್ತಾರೆ. ಏನೇ ಆಗಲಿ, ಬಾಯಲ್ಲಿ ಹೇಳಿ ಮಾಡಿಸಬೇಕು. ಹೇಳದ್ದಕ್ಕೆ ಅಂಕವಿಲ್ಲ.

ಹೋದ ವರ್ಷ ಮೇಜಿನ ಮೇಲಿನ ಒಂದು ಗಾಡಿ ನೀರಿನ ಕೊಳಾಯಿಗೆ ಅಡ್ಡ ನಿಂತಿತ್ತು. ಹಿಂದಕ್ಕೆ ಹೋಗಲಿ ಅಂತ ಹೇಳಿದ್ದರೆ ಮುಗಿದಿತ್ತು. ನಮ್ಮ ಏಣಿ ಗೆರೆ ದಾಟಿ ಹೋದ, ಬೆರಳಿನಿಂದ ಗಾಡಿಯನ್ನು ಪಕ್ಕಕ್ಕೆ ತಳ್ಳಿದ, ವಾಪಸ್ಸು ಬಂದು ನಿಂತ. ಗಾಡಿ ಸರಿಸಿದ್ದು ಯಾರು ಎಂದು ಪರದೆಯ ಹಿಂದಿನಿಂದ ಕೇಳಿದರು. ನಾನೇ ಸಾರ್ ಅಂದ. ನೀವು ಗಾಡಿ ಸರಿಸುತ್ತಿದ್ದರೆ ಆಗ ಅಲ್ಲಿನ ಉಸ್ತುವಾರಿ ಯಾರದ್ದು ಎಂದು ಕೇಳಿದರು. ಅವನು ಪ್ರಾಮಾಣಿಕವಾಗಿ ಯೋಚನೆ ಮಾಡಿ, "ಸದ್ಯಕ್ಕೆ ಯಾರದ್ದೂ ಇಲ್ಲ ಸಾರ್" ಅಂದ.

ಠಾಣೆಯವರು ಇದನ್ನು ಹೇಳಿಕೊಂಡು ತಿಂಗಳುಗಟ್ಟಲೆ ನಕ್ಕರು. ಮನೆಯಲ್ಲಿ ಗಂಡ ಹೆಂಡಿರು ನಗಲಿಲ್ಲ. ನಗಲಾಗದ್ದಕ್ಕೆ ಕಾರಣ ಅವನ ಎಡ ಭುಜ.

ಒಂದು ಗೋದಾಮಿನ ಬೆಂಕಿಯಲ್ಲಿ ತೊಲೆ ಬಿದ್ದು ಆ ಭುಜ ಮುರಿದಿತ್ತು. ಮೇಲೆ ನೋಡುವುದಕ್ಕೆ ವಾಸಿಯಾಯಿತು. ಒಳಗೆ ಆಗಲಿಲ್ಲ. ಕೈ ಕಿವಿಯಿಂದ ಮೇಲಕ್ಕೆ ಏಳುವುದಿಲ್ಲ. ಭಾರ ಎತ್ತುವಾಗ ಇದ್ದಕ್ಕಿದ್ದ ಹಾಗೆ ಸತ್ತು ಹೋಗುತ್ತದೆ. ಇದು ಗೊತ್ತಿದ್ದದ್ದು ಗಂಡ ಹೆಂಡಿರಿಗೆ ಮತ್ತು ದೂರದ ಬಡಾವಣೆಯ ಒಬ್ಬ ಮೂಳೆ ಡಾಕ್ಟರಿಗೆ ಮಾತ್ರ. ಇಲಾಖೆಗೆ ಗೊತ್ತಾದರೆ ಅವನನ್ನು ಗಾಡಿಯಿಂದ ಇಳಿಸಿ, ಉಗ್ರಾಣದಲ್ಲಿ ಪೈಪು ಸುತ್ತುವುದಕ್ಕೆ ಕೂರಿಸಿ, ಆಮೇಲೆ ಮನೆಗೆ ಕಳಿಸುತ್ತಾರೆ. ಆಫೀಸರ್ ಆದರೆ ಏಣಿ ಹತ್ತಬೇಕಾಗಿಲ್ಲ. ಮುಂದಿನ ವರ್ಷ ಪರೀಕ್ಷೆಗೆ ಕೂರಲು ಅವನಿಗೆ ವಯಸ್ಸು ಮೀರುತ್ತದೆ. ಅಂದರೆ ಇದೇ ಕೊನೆ. ಬೇಕರಿಯ ಮುಂದೆ ಸೈರನ್ ಹಾದುಹೋದಾಗಲೆಲ್ಲ ಅವಳ ಕೈಯ ಬ್ರೆಡ್ಡು ಅಲ್ಲೇ ನಿಲ್ಲುತ್ತಿತ್ತು. ಇವತ್ತು ಹತ್ತಿದ ಏಣಿಯಿಂದ ಇವನು ಇಳಿದು ಬಂದಾನೋ ಇಲ್ಲವೋ ಎಂಬ ಒಂದೇ ಹೆದರಿಕೆ ಅವಳಿಗೆ.

ಪುಟ್ಟಿಗೆ ಹೇಳಿದರೆ ಅಳುತ್ತಾಳೆ ಎಂದು ಹೇಳಲಿಲ್ಲ. ಮಾವನಿಗಂತೂ ಹೇಳುವ ಹಾಗೇ ಇರಲಿಲ್ಲ. ದಿನಾ ಬೆಳಗ್ಗೆ ಠಾಣೆಯ ಎದುರಿನ ಟೀ ಅಂಗಡಿಯಲ್ಲಿ ಅವರ ದರ್ಬಾರು. ಅವರ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ಹಾಗಾಗಿ ಮಗ ಆಫೀಸರ್ ಆಗಲು ಹೊರಟಿರುವುದು ದೊಡ್ಡಸ್ತಿಕೆಗೆ ಎಂದೇ ಅವರು ತಿಳಿದಿದ್ದರು.

ಪರೀಕ್ಷೆಯ ದಿನ ಗೊತ್ತಾದ ಕೂಡಲೇ ಬೇಕರಿ ಅಕ್ಕ ಸೆರಗು ಸಿಕ್ಕಿಸಿ ನಿಂತಳು. ಬೇಕರಿಯಿಂದ ಖಾಲಿ ರಟ್ಟಿನ ಡಬ್ಬಗಳನ್ನು ಹೊತ್ತು ತಂದಳು. ಪುಟ್ಟಿ ಅವಕ್ಕೆ ಕಿಟಕಿ ಬಾಗಿಲು ಕೊರೆದಳು. ಊಟದ ಮೇಜೇ ಬೀದಿಯಾಯಿತು. ಅಡುಗೆಮನೆಯ ಹೊಸ್ತಿಲಿನ ಈಚೆಗೆ ಹಳದಿ ಟೇಪಿನ ಗೆರೆ ಬಿತ್ತು. ಗಂಡ ಗೆರೆಯ ಹಿಂದೆ ನಿಂತ. ಹೆಂಡತಿ ಮರದ ಸೌಟು ಹಿಡಿದು ಪರೀಕ್ಷಕಿಯಾದಳು.

ಮೊದಲ ಸಂಜೆಯೇ ಅವನು ಒಂದು ಡಬ್ಬ ಓರೆಯಾಗಿದೆ ಎಂದು ಕೈ ಚಾಚಿದ. ಸೌಟು ಬೆರಳ ಗೆಣ್ಣಿನ ಮೇಲೆ ಬಿತ್ತು. ಇನ್ನೊಮ್ಮೆ ಚಾಚಿದ, ಇನ್ನೊಮ್ಮೆ ಬಿತ್ತು. ನೋಡು, ನನಗೇ ಗೊತ್ತಾಗದ ಹಾಗೆ ಕೈ ಹೋಗುತ್ತೆ ಎಂದು ಅವನೇ ಬೇಸರದಿಂದ ಬೆರಳು ಉಜ್ಜಿಕೊಂಡ. ರೋಗ ಇರುವುದು ಮೇಜಿನಲ್ಲಲ್ಲ, ಈ ಕೈಯಲ್ಲಿ ಎಂದು ಅವಳಿಗೆ ಖಾತ್ರಿಯಾಯಿತು.

"ಪರೀಕ್ಷೆ ಮುಗಿಯೋವರೆಗೂ ಈ ಮನೇಲಿ ನಿಮ್ಮ ಕೈಗೆ ರಜ," ಅಂದಳು. "ಏನು ಬೇಕಾದ್ರೂ ಬಾಯಲ್ಲಿ ಕೇಳಿ. ಏನು ಆಗಬೇಕಾದ್ರೂ ಬಾಯಲ್ಲಿ ಹೇಳಿ ಮಾಡಿಸಿ. ಒಂದು ಲೋಟಾನೂ ಮುಟ್ಟಬೇಡಿ."

"ಊಟ?"

"ತುತ್ತು ಎತ್ತಬಹುದು. ಬಡಿಸ್ಕೊಳ್ಳೋ ಹಾಗಿಲ್ಲ."

ಮೊದಲ ವಾರ ಮನೆಯಲ್ಲಿ ನಗುವೋ ನಗು. ಪುಟ್ಟಿ, ಅನ್ನದ ಪಾತ್ರೆ ಈ ಕಡೆಗೆ ಬರಲಿ, ತಲುಪಿದ ಮೇಲೆ ತಿಳಿಸು ಎಂದು ಅವನು ಅನ್ನುವನು. ಅನ್ನ ತಲುಪಿದೆ, ಸಾವು ನೋವಿಲ್ಲ ಎಂದು ಪುಟ್ಟಿ ಅನ್ನುವಳು. ಮೊಟ್ಟೆ ಒಡೆದು ಬಾಣಲೆಯಲ್ಲಿ ಹೊಗೆ ಎದ್ದರೆ ಅವನು ಗೆರೆಯ ಹಿಂದಿನಿಂದಲೇ ಒಲೆ ಆರಿಸಲು, ಕಿಟಕಿ ತೆರೆಯಲು ಆಜ್ಞೆ ಹೊರಡಿಸುವನು. ಮಾವ ಮಾತ್ರ ನಗಲಿಲ್ಲ.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಿದ್ರು ಹಿಂದಿನೋರು," ಅಂದರು ಅನ್ನ ಕಲಸುತ್ತಾ. "ಇವನಿಗೆ ಬಾಯಿ ಆಡಿಸಿದ್ರೇ ಮೊಸರು."

"ನೀವೇನು ಬೆಂಕಿ ಒಳಗೆ ನುಗ್ಗಿದ್ರಾ ಮಾವ?" ಬೇಕರಿ ಅಕ್ಕ ಬಿಡಲಿಲ್ಲ. "ಗಾಡಿ ಬಿಟ್ಟು ಇಳಿದೋರಲ್ಲ."

"ಇಳೀಲಿಲ್ಲ, ನಿಜ. ನೀರು ನಾನು ಬಿಟ್ಟೆ. ಇದೇ ಕೈಯಿಂದ. ಬೇರೆಯೋರಿಗೆ ಬಿಡು ಅಂತ ಹೇಳ್ಕೊಂಡು ನಿಂತೋನಲ್ಲ ನಾನು."

ಏಣಿ ತಲೆ ತಗ್ಗಿಸಿ ಉಂಡ. ಅವನು ಅಪ್ಪನಿಗೆ ಎದುರಾಡುವವನಲ್ಲ. ಬೇಕರಿ ಅಕ್ಕನಿಗೆ ನಾಲಿಗೆಯ ತುದಿಯವರೆಗೆ ಬಂದಿತ್ತು, ಭುಜದ ಸಂಗತಿ ಹೇಳಿಬಿಡಬೇಕು ಅಂತ. ಟೀ ಅಂಗಡಿ ಕಣ್ಣ ಮುಂದೆ ಬಂತು. ಮಾತನ್ನು ಅನ್ನದ ಜೊತೆ ನುಂಗಿದಳು.

ಎರಡನೇ ವಾರಕ್ಕೆ ನಗು ಹಳಸಿತು. ಅಲ್ಲಿಯವರೆಗೆ ಈ ಮನೆ ಎಷ್ಟು ಅವನ ಕೈಯಿಂದ ನಡೆಯುತ್ತಿತ್ತು ಎಂಬುದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಒಂದು ಭುಜ ಕೆಟ್ಟಿದ್ದರೂ ಇನ್ನೊಂದು ಕೈಯಲ್ಲೇ ಅವನು ಡ್ಯೂಟಿ ಮುಗಿಸಿ ಬಂದು ಪಾತ್ರೆ ತೊಳೆಯುತ್ತಿದ್ದ, ಒಗೆದ ಬಟ್ಟೆ ಹರವುತ್ತಿದ್ದ, ಸೋರುವ ನಲ್ಲಿಗೆ ವಾಷರ್ ಹಾಕುತ್ತಿದ್ದ. ಹೇಳಿಸಿಕೊಂಡು ಮಾಡುವ ಗಂಡಸೇ ಅಪರೂಪ. ಇವನು ಹೇಳಿಸಿಕೊಳ್ಳದೆ ಮಾಡುವವನು. ಬೀದಿಯ ಹೆಂಗಸರು ಇದಕ್ಕೆ ಹೊಟ್ಟೆ ಉರಿದುಕೊಂಡಿದ್ದರು. ಈಗ ಆ ನಲ್ಲಿ ಹಗಲೂ ರಾತ್ರಿ ತೊಟ್ಟಿಕ್ಕುತ್ತಿತ್ತು. ಅವನು ದೂರ ನಿಂತು, ಮೊದಲು ಮೇಲಿನ ವಾಲ್ವ್ ಮುಚ್ಚಬೇಕು, ಆಮೇಲೆ ಸ್ಪ್ಯಾನರ್ ತಗೊಂಡು ಎಡಕ್ಕೆ ತಿರುಗಿಸಬೇಕು ಎಂದು ಸಾವಧಾನವಾಗಿ ಹೇಳುತ್ತಿದ್ದ. ಬೇಕರಿಯಲ್ಲಿ ಬೆಳಗಿನಿಂದ ನಿಂತು ಕಾಲು ಬಾತುಕೊಂಡು ಬಂದವಳಿಗೆ ಆ ಸಾವಧಾನವೇ ಮೈಗೆ ಖಾರ ಹಚ್ಚಿದ ಹಾಗಾಗುತ್ತಿತ್ತು.

ಗ್ಯಾಸ್ ಸಿಲಿಂಡರ್ ಖಾಲಿಯಾದ ದಿನ ಅವಳು ಹೊಸದನ್ನು ಬಾಗಿಲಿನಿಂದ ಒಲೆಯವರೆಗೆ ಉರುಳಿಸಿಕೊಂಡು ಬರುತ್ತಿದ್ದಾಗ ಅವನು ಹಿಂದಿನಿಂದ, ಬೆನ್ನು ಬಗ್ಗಿಸಬೇಡ, ಮೊಣಕಾಲು ಬಗ್ಗಿಸು ಅಂದ. ಅವಳು ಸಿಲಿಂಡರ್ ಅನ್ನು ಅಲ್ಲೇ ನಿಲ್ಲಿಸಿ ತಿರುಗಿ ನೋಡಿದಳು. ಆ ನೋಟಕ್ಕೆ ಯಾವ ಆಫೀಸರನಾದರೂ ಗೆರೆ ಬಿಟ್ಟು ಓಡಬೇಕಿತ್ತು. ಅವನು ಕದಲಲಿಲ್ಲ. ಹೊಡೆದು ಕಲಿಸಿದವಳು ತಾನೇ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಸಿಲಿಂಡರನ್ನು ಮತ್ತೆ ಉರುಳಿಸಿದಳು.

ಪುಟ್ಟಿಯ ತಾಳ್ಮೆಯೂ ಮುಗಿಯಿತು. ಸೈಕಲ್ಲಿನ ಚೈನು ಕಳಚಿ, ಕಾಲೇಜಿಗೆ ಹೊತ್ತಾಗಿ, ಅಪ್ಪನನ್ನು ಕರೆದಳು. ಅವನು ಅಂಗಳಕ್ಕೆ ಬಂದು, ಕೈ ಹಿಂದೆ ಕಟ್ಟಿಕೊಂಡು, ಚೈನನ್ನು ಹಿಂದಿನ ಚಕ್ರಕ್ಕೆ ಮೊದಲು ಕೂರಿಸು, ಪೆಡಲನ್ನು ಹಿಮ್ಮುಖ ತಿರುಗಿಸು ಎಂದು ಶುರುಮಾಡಿದ.

"ವಿಡಿಯೋದಲ್ಲೂ ಇಷ್ಟು ಹೇಳ್ತಾರೆ ಅಪ್ಪ," ಅಂದಳು ಪುಟ್ಟಿ. "ಅದನ್ನಾದ್ರೆ ಆಫ್ ಮಾಡಬಹುದು."

ಅವಳು ಸೈಕಲ್ಲನ್ನು ಗೋಡೆಗೆ ಒರಗಿಸಿ ನಡೆದೇ ಹೋದಳು. ಏಣಿ ಸೈಕಲ್ಲನ್ನೇ ನೋಡುತ್ತಾ ನಿಂತಿದ್ದ. ಬೆರಳುಗಳು ಬೆನ್ನ ಹಿಂದೆ ಒಂದನ್ನೊಂದು ಹಿಸುಕುತ್ತಿದ್ದವು. ಹೋಗಲಿ, ಹಾಕಿಬಿಡಿ ಎನ್ನಬೇಕು ಅನ್ನಿಸಿತು ಬೇಕರಿ ಅಕ್ಕನಿಗೆ. ಇಂದು ಚೈನಿಗೆ ಸಡಿಲ ಬಿಟ್ಟರೆ ನಾಳೆ ಮೇಜಿಗೂ ಕೈ ಹೋಗುತ್ತದೆ ಎಂದು ಸುಮ್ಮನಾದಳು.

ಯಾಕೆಂದರೆ ಅಭ್ಯಾಸ ಫಲ ಕೊಡುತ್ತಿತ್ತು. ಸಂಜೆ ಮೇಜಿನ ಮುಂದೆ ಅವಳು ಸುದ್ದಿಯ ಮೇಲೆ ಸುದ್ದಿ ಎಸೆಯುತ್ತಿದ್ದಳು: ಪೈಪು ಒಡೆಯಿತು, ಎರಡನೇ ಮಹಡಿಯಲ್ಲಿ ಮುದುಕಿ ಕೂಗುತ್ತಿದ್ದಾಳೆ, ಜನ ಒಳಗೆ ನುಗ್ಗುತ್ತಿದ್ದಾರೆ, ನಿಮ್ಮ ಒಬ್ಬ ಹುಡುಗ ವಾಕಿಟಾಕಿಗೆ ಉತ್ತರ ಕೊಡುತ್ತಿಲ್ಲ. ಹಿಂದಾಗಿದ್ದರೆ ಅಷ್ಟು ಹೊತ್ತಿಗೆ ಅವನು ಮೇಜಿನ ಮೇಲೆಯೇ ಹತ್ತಿರುತ್ತಿದ್ದ. ಈಗ ದನಿ ಏರುತ್ತಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಚ್ಚಿ, ಆಯಿತೇ ಎಂದು ಕೇಳಿ, ಮುಂದಿನದಕ್ಕೆ ಹೋಗುತ್ತಿದ್ದ. ಸೌಟಿಗೆ ಕೆಲಸವಿಲ್ಲದಂತಾಯಿತು. ಇವನು ಪಾಸಾಗುತ್ತಾನೆ ಎಂದು ಅವಳಿಗೆ ಮೊದಲ ಬಾರಿ ಅನ್ನಿಸಿತು.

ಇಷ್ಟರ ಮಧ್ಯೆ ಒಂದು ಸಂಗತಿ ಕೆಡುತ್ತಿರುವುದು ಅವಳಿಗೆ ಕಾಣುತ್ತಿತ್ತು, ಆದರೂ ಅವಳು ಬಾಯಿ ಬಿಡಲಿಲ್ಲ. ಮಾವನಿಗೆ ಮೊಣಕಾಲು ನಡುಗುತ್ತದೆ. ಬಚ್ಚಲಿನ ಮೆಟ್ಟಿಲು ಇಳಿದು ಸ್ಟೂಲಿನ ಮೇಲೆ ಕೂರುವವರೆಗೆ ದಿನಾ ಮಗ ತೋಳು ಹಿಡಿದು ಬಿಡುತ್ತಿದ್ದ. ಅಪ್ಪ ಮಗ ಆ ಹೊತ್ತಿನಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ನೀರು ಕಾದಿದೆಯಾ, ಕಾದಿದೆ, ಅಷ್ಟೇ. ಕೈಗೆ ರಜ ಸಿಕ್ಕ ಮೇಲೆ ಅವನು ಅಲ್ಲೂ ದೂರ ನಿಂತು, ಪುಟ್ಟಿ, ತಾತನ ತೋಳು ಹಿಡಿದುಕೋ ಎಂದ. ಮಾವ ಕೆಂಡವಾದರು.

"ಸ್ನಾನಕ್ಕೆ ಹೋಗೋಕೆ ನಾನು ಮೊಮ್ಮಗಳ ಕೈ ಹಿಡೀಬೇಕಾ? ಮಾನ ಅನ್ನೋದು ಮುದುಕರಿಗೆ ಇರಲ್ವಾ?"

ಅಂದಿನಿಂದ ಅವರು ಗೋಡೆ ಹಿಡಿದುಕೊಂಡು ಒಬ್ಬರೇ ಹೋಗತೊಡಗಿದರು. ಇದೊಂದಕ್ಕೆ ನಿಯಮ ಬೇಡ ಎಂದು ಬೇಕರಿ ಅಕ್ಕ ಹೇಳಬಹುದಿತ್ತು. ಇನ್ನು ಕೆಲವೇ ದಿನ ತಾನೇ ಎಂದು ತಳ್ಳಿಹಾಕಿದಳು. ಮಾವನ ಚುಚ್ಚುಮಾತಿನ ಮೇಲೆ ಅವಳಿಗೆ ಸಿಟ್ಟೂ ಇತ್ತು, ಸುಳ್ಳು ಯಾಕೆ ಹೇಳಬೇಕು.

ಪರೀಕ್ಷೆಯ ಹಿಂದಿನ ವಾರ, ರಜೆಯ ದಿನ, ಬೆಳಗ್ಗೆ ಎಲ್ಲರೂ ಮನೆಯಲ್ಲಿದ್ದಾಗ ಬಚ್ಚಲಿನಲ್ಲಿ ಬಕೆಟ್ ಉರುಳಿದ ಸದ್ದಾಯಿತು. ಹಿಂದೆಯೇ ಮೈ ಬಿದ್ದ ಸದ್ದು, ಮಾವನ ನರಳಾಟ.

ಬಾಗಿಲು ಒಳಕ್ಕೆ ತೆರೆಯುವುದು. ಮಾವ ಅದಕ್ಕೇ ಅಡ್ಡವಾಗಿ ಬಿದ್ದಿದ್ದರು. ತಳ್ಳಿದರೆ ಒಂದು ಗೇಣು ಸಂದಿ ಬಿಡುತ್ತಿತ್ತು, ಅಷ್ಟೇ. ಬೇಕರಿ ಅಕ್ಕ ಬಾಗಿಲಿಗೆ ಭುಜ ಕೊಟ್ಟಳು.

"ತಳ್ಳಬೇಡ," ಅಂದ ಏಣಿ.

ಅವನು ಬಚ್ಚಲಿನ ಮುಂದಿನ ಓಣಿಯ ನಡುವೆ ನಿಂತಿದ್ದ, ಕೈ ಬೆನ್ನ ಹಿಂದೆ. ದನಿ ಸಂಜೆಯ ಅಭ್ಯಾಸದಲ್ಲಿ ಹೇಗಿರುತ್ತಿತ್ತೋ ಹಾಗೇ ಇತ್ತು. ಪುಟ್ಟಿ ಹೀಟರಿನ ಸ್ವಿಚ್ಚು ಆರಿಸಬೇಕು, ಆಂಬ್ಯುಲೆನ್ಸಿಗೆ ಫೋನು ಮಾಡಬೇಕು, ಬಿದ್ದವರಿಗೆ ವಯಸ್ಸಾಗಿದೆ, ಎಚ್ಚರ ಇದೆ, ಸೊಂಟ ಇರಬಹುದು ಎಂದು ಹೇಳಬೇಕು. ಅದಾದ ಮೇಲೆ ಸಂದಿಯಿಂದ ದೊಡ್ಡ ಟವೆಲ್ಲನ್ನು ತಾತನ ಮೇಲೆ ಹಾಕಬೇಕು. ಪಕ್ಕದ ಮನೆಯವರು ತಿರುವಿನಲ್ಲಿ ನಿಂತು ಗಾಡಿಗೆ ದಾರಿ ತೋರಿಸಬೇಕು. ಯಾರೂ ಅವರನ್ನು ಎಳೆಯಬಾರದು, ಎತ್ತಬಾರದು. ಒಂದೊಂದು ಹೇಳಿ, ಆಯಿತೇ ಎಂದು ಕೇಳಿ, ಮುಂದಿನದಕ್ಕೆ ಹೋದ.

ಆಗ ಸಂದಿಯಿಂದ ಮಾವನ ಕೈ ಹೊರಗೆ ಬಂತು. ಒದ್ದೆಯಾಗಿತ್ತು. ನೆಲ ತಡವಿತು, ಬಾಗಿಲ ಚೌಕಟ್ಟು ತಡವಿತು.

"ಮಗಾ," ಅಂದರು ಒಳಗಿನಿಂದ. "ಕೈ ಕೊಡೋ."

"ಅಪ್ಪಾ, ಅಲ್ಲಾಡಬೇಡ. ಆಂಬ್ಯುಲೆನ್ಸ್ ಹೊರಟಿದೆ."

"ಕೈ ಕೊಡೋ ಅಂದೆ."

ಅವನು ನಿಂತೇ ಇದ್ದ. ಬೇಕರಿ ಅಕ್ಕ ಗಂಡನ ಮುಖ ನೋಡಿದಳು, ಬೆನ್ನ ಹಿಂದಿದ್ದ ಕೈ ನೋಡಿದಳು. ಮೊಣಕಾಲೂರಿ ಕೂತು ಆ ಒದ್ದೆ ಕೈಯನ್ನು ತಾನೇ ಹಿಡಿದುಕೊಂಡಳು. ಹಿಡಿದ ಕೈ ಒಂದು ಕ್ಷಣ ಬಿಗಿಯಾಗಿ ಮತ್ತೆ ಸಡಿಲವಾಯಿತು.

"ಇದು ನಿನ್ನ ಕೈ," ಅಂದರು ಮಾವ.

ಬಂದವರು ಬಾಗಿಲಿನ ಮೇಲುಗಡೆಯ ಹಲಗೆ ಬಿಚ್ಚಿ ಒಳಗೆ ಇಳಿದರು. ಸೊಂಟದ ಮೂಳೆ ಮುರಿದಿತ್ತು. ಸ್ಟ್ರೆಚರ್ ಹೊರಗೆ ಬಂದ ಮೇಲೆ ಅವರಲ್ಲಿ ಹಿರಿಯವನು, ಅಲ್ಲಾಡಿಸಬೇಡಿ ಅಂತ ಹೇಳಿದ್ದು ಯಾರು, ಎಳೆದಿದ್ದರೆ ಕಾಲೇ ಕೈಬಿಟ್ಟು ಹೋಗುತ್ತಿತ್ತು ಎಂದು ಏಣಿಯ ಬೆನ್ನು ತಟ್ಟಿದ. ಪಕ್ಕದ ಮನೆಯವರೂ ತಲೆದೂಗಿದರು. ಎಲ್ಲ ಸರಿಯಾಗೇ ಆಗಿತ್ತು. ಅದನ್ನೇ ಬೇಕರಿ ಅಕ್ಕನಿಗೆ ತಡೆಯಲಾಗಲಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ, ಪುಟ್ಟಿ ಔಷಧಿ ತರಲು ಹೋದಾಗ, ಅವಳ ಸಿಟ್ಟು ಕಟ್ಟೆಯೊಡೆಯಿತು.

"ಕೈ ಕೇಳಿದ್ರು. ಕೊಡೋಕೆ ನಿಮಗೇನಾಗಿತ್ತು?"

"ಕೊಟ್ಟಿದ್ರೆ ಹಿಡ್ಕೊಂಡು ಏಳೋಕೆ ನೋಡ್ತಿದ್ರು."

"ನಾನು ಕೊಡಲಿಲ್ವಾ? ಎದ್ದರಾ?"

"ನಿನ್ನ ಕೈ ಹಿಡ್ಕೊಂಡು ಅವರು ಏಳಲ್ಲ. ನನ್ನದಾದ್ರೆ ಏಳ್ತಾರೆ. ದಿನಾ ಹಾಗೇ ಎದ್ದಿದ್ದಲ್ವಾ."

ಅವನ ಮಾತು ಸರಿಯಿದ್ದದ್ದಕ್ಕೇ ಅವಳು ಮತ್ತಷ್ಟು ಕೂಗಾಡಿದಳು. ಕಲ್ಲಿಗಾದರೂ ನೀರು ಇಳಿಯುತ್ತೆ, ನಿಮಗಿಲ್ಲ ಅಂದಳು. ಹೋಗುವವರು ಬರುವವರು ನಿಂತು ನೋಡಿದರು. ಮಾವ ಒಬ್ಬರೇ ಬಚ್ಚಲಿಗೆ ಹೋಗುವಂತೆ ಮಾಡಿದ್ದು ತಾನು ಹಾಕಿದ ನಿಯಮ ಎಂದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಅವನು ಆ ಮಾತು ಎತ್ತಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು, ಎತ್ತಲಿಲ್ಲ. ಬೆಂಚಿನ ಮೇಲೆ ಕೂತು ಬೆರಳುಗಳನ್ನು ನೋಡಿಕೊಂಡ.

"ಒಳಗೇ ನುಗ್ಗಬೇಕು ಅನ್ನಿಸ್ತಿತ್ತು," ಅಂದ ಕೊನೆಗೆ. "ನುಗ್ಗದೆ ನಿಲ್ಲೋದನ್ನ ನೀನೇ ತಾನೆ ಕಲಿಸಿದ್ದು."

ಅವಳು ಪಕ್ಕದಲ್ಲಿ ಕೂತಳು. ಪುಟ್ಟಿ ಔಷಧಿ ಹಿಡಿದು ಬಂದಾಗ ಇಬ್ಬರೂ ಒಂದೊಂದು ದಿಕ್ಕಿಗೆ ನೋಡುತ್ತಿದ್ದರು.

ಆಪರೇಷನ್ ಆಯಿತು. ಮಾವನಿಗೆ ಎಚ್ಚರವಾದ ಮೇಲೆ ಗಂಜಿ ಕುಡಿಸುತ್ತಿದ್ದ ಸೊಸೆಗೆ ಅವರು ಹೇಳಿದ್ದು ಒಂದೇ ಮಾತು.

"ಈ ಸಲ ಪಾಸಾಗ್ತಾನೆ ಬಿಡು."

ಅದು ಹರಕೆಯೋ ಶಾಪವೋ ಗೊತ್ತಾಗದೆ ಅವಳು ಇನ್ನೊಂದು ಚಮಚ ಗಂಜಿ ಕುಡಿಸಿದಳು. ಮಗ ಬಂದಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಿದ್ದೆ ಬಂದಿದೆ ಎಂದು ಅವನು ಬಾಗಿಲಲ್ಲೇ ನಿಂತು ಹೋಗುತ್ತಿದ್ದ. ನಿದ್ದೆ ಅಲ್ಲ ಎಂದು ಅವನಿಗೂ ಗೊತ್ತಿತ್ತು.

ಪರೀಕ್ಷೆಯ ದಿನ ಬಂತು. ಮೇಜಿನ ಮೇಲೆ ಈ ಸಲ ಒಂದು ಆಸ್ಪತ್ರೆಗೇ ಬೆಂಕಿ ಬಿದ್ದಿತ್ತಂತೆ. ನೀರು ನಿಂತಿತು, ಮೆಟ್ಟಿಲು ಕುಸಿಯಿತು, ಒಳಗೆ ಹೋದ ಒಬ್ಬ ಉತ್ತರ ಕೊಡಲಿಲ್ಲ. ಆಮೇಲೆ ಪರದೆಯ ಹಿಂದಿನಿಂದ ಆ ಒಬ್ಬನ ದನಿಯಲ್ಲಿ, ಬಂದು ಕರೆದುಕೊಂಡು ಹೋಗಿ ಎಂದು ಮೂರು ಸಲ ಕೂಗಿದರಂತೆ. ಏಣಿ ಗೆರೆಯ ಹಿಂದೆಯೇ ನಿಂತು ಅವನನ್ನು ಹೊರಗೆ ತರಿಸಿದ. ಮುಗಿದ ಮೇಲೆ ಪರೀಕ್ಷಕರು ಪರದೆ ಸರಿಸಿ, ಹೋದ ವರ್ಷ ಬಂದಿದ್ದವರು ನೀವೇನಾ ಎಂದು ಕೇಳಿ, ಹೌದೆಂದರೆ ನಂಬಲಾಗದೆ ನೋಡಿದರಂತೆ. ಇದನ್ನೆಲ್ಲ ಅವನು ಮನೆಗೆ ಬಂದು ಹೇಳುವಾಗ ಮುಖದಲ್ಲಿ ಗೆಲುವಿರಲಿಲ್ಲ. ಬೇಕರಿ ಅಕ್ಕನಿಗೂ ಯಾಕೋ ಹೆಚ್ಚು ಕೇಳಬೇಕೆನ್ನಿಸಲಿಲ್ಲ.

ಫಲಿತಾಂಶ ಬರುವಷ್ಟರಲ್ಲಿ ಮಾವ ಮನೆಗೆ ಬಂದಿದ್ದರು. ಹಜಾರದಲ್ಲಿ ಗೋಡೆಗೆ ಸೇರಿಸಿ ಅವರ ಮಂಚ ಹಾಕಿದ್ದರು. ಏಣಿ ಪಾಸಾಗಿದ್ದ, ಅದೂ ಎರಡನೆಯವನಾಗಿ. ಬೇಕರಿ ಯಜಮಾನರು ಒಂದು ಇಡೀ ಕೇಕು ಕೊಟ್ಟು ಕಳಿಸಿದರು. ಅವಳು ಅದನ್ನು ತಂದು ಮೇಜಿನ ಮೇಲಿಟ್ಟಳು. ಇನ್ನು ಅವನು ಏಣಿ ಹತ್ತುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡು ನೋಡಿದಳು. ಬರಬೇಕಾದ ಸಂತೋಷ ಬರಲಿಲ್ಲ. ಕಷ್ಟಪಟ್ಟು ಗಿಟ್ಟಿಸಿದ್ದು ಕೈಗೆ ಬಂದಾಗ ಹೀಗೆ ಸಪ್ಪೆಯಾದರೆ ಯಾರ ಮೇಲೆ ಸಿಟ್ಟಾಗುವುದು?

ಸಂಜೆ ಅವನು ಆಫೀಸರನ ಹೊಸ ಯೂನಿಫಾರ್ಮು ತೊಟ್ಟು ಬಂದ. ಅಪ್ಪನಿಗೆ ತೋರಿಸಬೇಕು ಎಂದು ಬಟ್ಟೆ ಬದಲಿಸದೆ ಹಜಾರಕ್ಕೆ ಬಂದ. ಈ ಸಲ ಮಾವ ಕಣ್ಣು ಮುಚ್ಚಲಿಲ್ಲ. ಮಗನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಮಲಗಿದ್ದಲ್ಲೇ ಕೈಯನ್ನು ಹಣೆಯವರೆಗೆ ಎತ್ತಿ ಸೆಲ್ಯೂಟ್ ಹೊಡೆದರು.

"ಬನ್ನಿ ಸಾರ್."

ಪುಟ್ಟಿ ನಕ್ಕಳು. ತಾತನ ಮುಖ ನೋಡಿ ನಗು ನಿಲ್ಲಿಸಿದಳು.

"ಎದ್ದು ಕೂರಬೇಕು ಅನ್ನಿಸ್ತಿದೆ ಸಾರ್," ಅಂದರು ಮಾವ. "ಯಾರಿಗಾದ್ರೂ ಹೇಳ್ತೀರಾ?"

ಬೇಕರಿ ಅಕ್ಕನ ಕೈಯಲ್ಲಿದ್ದ ಚಾಕು ಕೇಕಿನ ಮೇಲೆ ನಿಂತಿತು. ಏಣಿಯ ಮುಖ ಕಪ್ಪಿಟ್ಟಿತು. ಅವನು ಯಾರಿಗೂ ಏನೂ ಹೇಳಲಿಲ್ಲ. ನಾಲ್ಕು ಹೆಜ್ಜೆಯಲ್ಲಿ ಮಂಚದ ಹತ್ತಿರ ಬಂದು ಬಗ್ಗಿದ. ಮಂಚದ ಆ ಪಕ್ಕ ಗೋಡೆ. ಈ ಪಕ್ಕದಿಂದ ತಲೆದಿಂಬಿನ ಕಡೆಗೆ ಚಾಚಲು ಎಟುಕುತ್ತಿದ್ದದ್ದು ಎಡಗೈ ಮಾತ್ರ. ಅದನ್ನೇ ಚಾಚಿದ. ಬೇಡ ಎಂದು ಅವಳು ಅನ್ನುವುದರೊಳಗೆ ಮಾವ ಅದನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದರು.

ಅವರ ಬೆನ್ನು ಹಾಸಿಗೆಯಿಂದ ಅರ್ಧ ಎದ್ದಿತು. ಅಷ್ಟರಲ್ಲಿ ಆ ಕೈ ಸತ್ತಿತು. ಏಣಿ ಹಲ್ಲು ಕಚ್ಚಿದರೂ ಒಂದು ನರಳಾಟ ಹೊರಗೆ ಬಿತ್ತು. ಬಲಗೈಯಿಂದ ಮಂಚದ ಕಂಬ ಹಿಡಿದು ಅಪ್ಪನ ಮೇಲೆ ಬೀಳದ ಹಾಗೆ ತಡೆದುಕೊಂಡ. ಮಾವನ ತಲೆ ದಿಂಬಿಗೆ ವಾಪಸ್ಸು ಬಿತ್ತು. ಅವರು ಹಿಡಿದ ಕೈ ಬಿಡಲಿಲ್ಲ. ಬೆರಳುಗಳನ್ನು ಒತ್ತಿ ನೋಡಿದರು, ಮುಂಗೈಯನ್ನು ಸ್ವಲ್ಪ ಎತ್ತಿ ಬಿಟ್ಟರು. ಅದು ಹಾಸಿಗೆಯ ಮೇಲೆ ಬಿತ್ತು.

"ಯಾವಾಗಿಂದ?"

"ಗೋದಾಮಿನ ಬೆಂಕಿಯಿಂದ," ಅಂದಳು ಬೇಕರಿ ಅಕ್ಕ. "ಏಣಿ ಹತ್ತೋಕೆ ಆಗಲ್ಲ ಮಾವ. ಅದಕ್ಕೇ ಈ ಪರೀಕ್ಷೆ. ದೊಡ್ಡಸ್ತಿಕೆಗಲ್ಲ."

ಪುಟ್ಟಿ ಅಪ್ಪನನ್ನೂ ಅಮ್ಮನನ್ನೂ ನೋಡಿ ಗೋಡೆಗೆ ಒರಗಿದಳು. ಮಾವ ಸೊಸೆಯ ಕಡೆ ತಿರುಗಿದರು.

"ಇಷ್ಟು ದಿನ ನಾನು ದಿನಾ ಬೆಳಗ್ಗೆ ಇವನ ತೋಳಿಗೆ ಜೋತು ಬೀಳ್ತಿದ್ದೆ. ಯಾವ ಕಡೆ ನೋವಿದೆ ಅಂತಾನಾದ್ರೂ ಹೇಳೋಕೆ ನಿಮ್ಮಿಬ್ರಿಗೂ ಬಾಯಿ ಇರಲಿಲ್ವಾ?"

"ಹೇಳಿದ್ರೆ ನೀವು ಟೀ ಅಂಗಡೀಲಿ ಹೇಳ್ತಿದ್ರಿ."

"ಹೇಳ್ತಿದ್ದೆ," ಅಂದರು ಮಾವ. "ಖಂಡಿತ ಹೇಳ್ತಿದ್ದೆ."

ಅವರ ಕಣ್ಣು ತುಂಬಿತು. ಅದಕ್ಕೆ ಅವರಿಗೇ ಸಿಟ್ಟು ಬಂತು. ಬಾಯಿಗೆ ಬಂದ ಹಾಗೆ ಬೈದರು: ಇಲಾಖೆಯನ್ನು, ಗೋದಾಮಿನವನನ್ನು, ಮಗನನ್ನು, ಎಲ್ಲರಿಗಿಂತ ಹೆಚ್ಚಾಗಿ ಸೊಸೆಯನ್ನು. ಅವಳು ಚಾಕು ಹಿಡಿದುಕೊಂಡೇ ಎಲ್ಲವನ್ನೂ ಕೇಳಿಸಿಕೊಂಡಳು. ಬೈಸಿಕೊಳ್ಳುವುದು ಇಷ್ಟು ಹಿತವಾಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಬೈದು ಸುಸ್ತಾದ ಮೇಲೆ ಮಾವ ಉಸಿರು ಎಳೆದುಕೊಂಡರು.

"ಮಂಚ ತಿರುಗಿಸ್ರಿ. ತಲೆ ಈ ಕಡೆ ಬರಲಿ. ಬಲಗೈ ಕೊಡಲಿ ಅವನು."

ಬೇಕರಿ ಅಕ್ಕ ಒಂದು ತುದಿ ಹಿಡಿದಳು, ಪುಟ್ಟಿ ಇನ್ನೊಂದನ್ನು ಹಿಡಿದಳು. ಏಣಿ ನೆಟ್ಟಗೆ ನಿಂತು, ಮೊದಲು ಕಾಲಿನ ಕಡೆಯಿಂದ ಎತ್ತಿ, ಪುಟ್ಟಿ ನೀನು ಬಾಗಿಲ ಕಡೆಗೆ ಎಂದು ಶುರುಮಾಡಿದ.

"ರೀ," ಅಂದಳು ಅವಳು. "ಬಾಯಿ ಮುಚ್ಕೊಂಡು ಹಿಡೀರಿ."

ಅವನು ಬಾಯಿ ಮುಚ್ಚಿಕೊಂಡು ಬಲಗೈಯಿಂದ ಮಂಚ ಹಿಡಿದ.